ದಿ ಸಬ್‌ಸ್ಟಿಟ್ಯೂಟ್ (ಕಲಾಕೃತಿ)

ದಿ ಸಬ್‌ಸ್ಟಿಟ್ಯೂಟ್ (ಅರ್ಥ: ಬದಲಿ) ಎಂಬುದು ಬ್ರಿಟನ್ನಿನ ಕಲಾವಿದೆ ಅಲೆಕ್ಸಾಂಡ್ರಾ ಡೇಸಿ ಗಿನ್ಸ್‌ಬರ್ಗ್ ಅವರು 2019ರಲ್ಲಿ ರಚಿಸಿದ ವೀಡಿಯೊ ಕಲಾಕೃತಿ. ಅಳಿವಿನ ಅಂಚು ತಲುಪಿರುವ ಉತ್ತರದ ಬಿಳಿ ಖಡ್ಗಮೃಗವನ್ನು ಇದು ಗಣಕಯಂತ್ರದ ನೆರವಿನಿಂದ ಜೀವಗಾತ್ರದಲ್ಲಿ ಮರುಸೃಷ್ಟಿಸುತ್ತದೆ. ಕೃತಕ ಬುದ್ಧಿಮತ್ತೆಗೂ ಪ್ರಾಣಿಲೋಕಕ್ಕೂ ಇರಬಹುದಾದ ನಂಟನ್ನು ಕಲ್ಪನೆಯ ಮೂಲಕ ಶೋಧಿಸುವ ಸಮಕಾಲೀನ ಕೃತಿಗಳಲ್ಲಿ ಇದೂ ಒಂದು.

ಹಿನ್ನೆಲೆ

ಉತ್ತರದ ಬಿಳಿ ಖಡ್ಗಮೃಗವು ಮಧ್ಯ ಆಫ್ರಿಕಾದ ಹುಲ್ಲುಗಾವಲುಗಳಲ್ಲಿ ವಾಸಿಸುತ್ತಿದ್ದ ಉಪಪ್ರಭೇದ. ಕೊಂಬಿನ ಆಸೆಗಾಗಿ ನಡೆದ ಬೇಟೆಯೇ ಅದರ ನಾಶಕ್ಕೆ ಮುಖ್ಯ ಕಾರಣ. ಸುಡಾನ್ ಎಂಬ ಹೆಸರಿನ ಕೊನೆಯ ಗಂಡು ಖಡ್ಗಮೃಗವು 2018ರ ಮಾರ್ಚ್ 19ರಂದು ಕೀನ್ಯಾದ ಓಲ್ ಪೆಜೆಟಾ ಸಂರಕ್ಷಿತ ಪ್ರದೇಶದಲ್ಲಿ ಅಸುನೀಗಿತು. ಆಗ ಅದರ ವಯಸ್ಸು 45 ವರ್ಷ. ಅದರ ಮಗಳು ನಾಜಿನ್ ಮತ್ತು ಮೊಮ್ಮಗಳು ಫಾಟು ಮಾತ್ರ ಉಳಿದವು. ವಿಜ್ಞಾನಿಗಳು ಪ್ರನಾಳದಲ್ಲಿ ಭ್ರೂಣಗಳನ್ನು ರೂಪಿಸಿ, ಬದಲಿ ತಾಯಿಯ ಗರ್ಭದಲ್ಲಿ ಬೆಳೆಸುವ ಪ್ರಯತ್ನದಲ್ಲಿ ತೊಡಗಿದ್ದಾರೆ.

ಸ್ವರೂಪ

ಕೃತಿಯಲ್ಲಿ ಕಾಣುವುದು ಒಂದು ಖಾಲಿ ಬಿಳಿಯ ಕೋಣೆ. ಅಲ್ಲಿ ಹುಲ್ಲಾಗಲಿ, ಕೆಸರಾಗಲಿ, ಜೊತೆಗಾರ ಪ್ರಾಣಿಗಳಾಗಲಿ ಇಲ್ಲ. ಮೊದಲು ಒರಟು ಚೌಕಗಳ ರಾಶಿಯಂತೆ ತೋರುವ ಆಕೃತಿಯು ಕೋಣೆಯಲ್ಲಿ ಅಡ್ಡಾಡುತ್ತ ಆ ಜಾಗಕ್ಕೆ ಒಗ್ಗಿಕೊಳ್ಳುತ್ತದೆ. ಅದರೊಂದಿಗೆ ರೂಪವೂ ಧ್ವನಿಯೂ ಸಹಜತೆಯತ್ತ ಸಾಗುತ್ತವೆ. ಪ್ರಾಣಿಯ ಚಲನವಲನ ಹಾಗೂ ಸದ್ದುಗಳಿಗೆ, ಕೊನೆಯ ಹಿಂಡಿನ ಕುರಿತ ಸಂಶೋಧನೆಗಾಗಿ ಚಿತ್ರೀಕರಿಸಿದ ಅಪರೂಪದ ದೃಶ್ಯಗಳು ಆಧಾರವಾಗಿವೆ.

ವೈಜ್ಞಾನಿಕ ಆಧಾರ

ಸಸ್ತನಿಗಳು ತಾವಿರುವ ಸ್ಥಳವನ್ನು ಗುರುತಿಸಿಕೊಳ್ಳಲು ನೆರವಾಗುವ ಮೆದುಳಿನ ನರಕೋಶಗಳಿಗೆ 'ಗ್ರಿಡ್ ಕೋಶ'ಗಳೆಂದು ಹೆಸರು. ಇವುಗಳನ್ನು 2005ರಲ್ಲಿ ಇಲಿಗಳ ಮೆದುಳಿನಲ್ಲಿ ಪತ್ತೆಹಚ್ಚಿದ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರು 2014ರ ನೊಬೆಲ್ ಪ್ರಶಸ್ತಿಯನ್ನು ಜಾನ್ ಓಕೀಫ್ ಅವರೊಂದಿಗೆ ಹಂಚಿಕೊಂಡರು. ದಾರಿ ಕಂಡುಕೊಳ್ಳಲು ತರಬೇತಿ ಪಡೆದ ಕೃತಕ ನರಜಾಲದಲ್ಲಿಯೂ ಅಂಥದೇ ವಿನ್ಯಾಸಗಳು ತಾವಾಗಿಯೇ ಮೂಡಿದುದನ್ನು 2018ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದರು. ಗಿನ್ಸ್‌ಬರ್ಗ್ ತಮ್ಮ ಕೃತಿಯಲ್ಲಿ ಈ ಸಂಶೋಧನೆಯನ್ನು ಬಳಸಿಕೊಂಡಿದ್ದಾರೆ. ಯಂತ್ರವೂ ಪ್ರಾಣಿಯೂ ಪರಸ್ಪರ ಹೋಲುವ ನೆಲೆ ಇಲ್ಲಿ ಹೀಗೆ ಒದಗುತ್ತದೆ.

ಆಶಯ

ಹೊಸ ಬಗೆಯ ಬುದ್ಧಿಯನ್ನು ಸೃಷ್ಟಿಸಲು ಹಂಬಲಿಸುವ ಮನುಷ್ಯನು ಈಗಾಗಲೇ ಇರುವ ಜೀವಿಗಳನ್ನು ಕಡೆಗಣಿಸುವ ವಿರೋಧಾಭಾಸವೇ ಕೃತಿಯ ತಿರುಳು. ಪ್ರಯೋಗಾಲಯದಲ್ಲಿ ಮರಳಿ ಪಡೆದ ಖಡ್ಗಮೃಗವು ಮೊದಲಿನದೇ ಆಗಬಲ್ಲುದೇ, ಅದಕ್ಕೆ ದಾರಿ ತೋರುವ ಹಿಂಡೂ ನೆಲೆಯೂ ಇಲ್ಲದಿದ್ದರೆ ಉಳಿಯುವುದೇನು ಎಂಬ ಪ್ರಶ್ನೆಗಳನ್ನು ಅದು ಎತ್ತುತ್ತದೆ. ಮನುಷ್ಯನು ಈ ಬದಲಿಯನ್ನಾದರೂ ಕಾಪಾಡುವನೇ ಎಂಬ ಸಂದೇಹವೂ ಅದರಲ್ಲಿ ಅಡಗಿದೆ.

ಪ್ರದರ್ಶನ

ನ್ಯೂಯಾರ್ಕಿನ ಕೂಪರ್ ಹೆವಿಟ್ ವಿನ್ಯಾಸ ವಸ್ತುಸಂಗ್ರಹಾಲಯ ಹಾಗೂ ನೆದರ್ಲೆಂಡ್ಸ್‌ನ ಕೆರ್ಕ್ರಾಡೆಯ ಕ್ಯೂಬ್ ವಿನ್ಯಾಸ ವಸ್ತುಸಂಗ್ರಹಾಲಯಗಳ ಕೋರಿಕೆಯ ಮೇರೆಗೆ ಈ ಕೃತಿ ಸಿದ್ಧವಾಯಿತು. 2019ರಲ್ಲಿ ಇವು ಜಂಟಿಯಾಗಿ ಏರ್ಪಡಿಸಿದ 'ನೇಚರ್' ಎಂಬ ತ್ರೈವಾರ್ಷಿಕ ಪ್ರದರ್ಶನದಲ್ಲಿ ಇದನ್ನು ತೋರಿಸಲಾಯಿತು.