ಕೆರೆಯಾಮೆಯ ಕದಗಳು

ಬೇಸಗೆಯಲ್ಲಿ ಕೆರೆ ಬತ್ತಿ, ರೈತರು ಅದರ ಗೋಡನ್ನು ಅಗೆದು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವ ಕಾಲದಲ್ಲಿ, ಗುದ್ದಲಿಯ ಬಾಯಿಗೆ ಒಮ್ಮೊಮ್ಮೆ ಹೆಂಟೆಯಂಥದೇ ಒಂದು ಜೀವವು ಸಿಕ್ಕುವುದುಂಟು. ಕೆಸರನ್ನು ಒರೆಸಿ ನೋಡಿದರೆ ತಲೆಯಿಲ್ಲ, ಕಾಲಿಲ್ಲ. ಮಗುಚಿ ಹಾಕಿದಾಗ ಮಾತ್ರ, ಎದೆಚಿಪ್ಪಿನ ಹಿಂಬದಿಯಲ್ಲಿ ಎರಡು ಮೆದುವಾದ ಕದಗಳು ಹಿಂಗಾಲುಗಳನ್ನು ಒಳಗಿಟ್ಟುಕೊಂಡು ಮುಚ್ಚಿರುವುದೂ, ಎದೆಚಿಪ್ಪಿನ ಮುಂಭಾಗವು ಮೇಲಕ್ಕೆ ಬಾಗಿ ಕೊರಳನ್ನು ಮರೆಸಿರುವುದೂ ಗೋಚರವಾಗುತ್ತವೆ. ಸ್ಥಿತಪ್ರಜ್ಞನಿಗೆ ಗೀತೆಯ ಎರಡನೆಯ ಅಧ್ಯಾಯವು ಕೊಡುವ ಕೂರ್ಮದ ಉಪಮಾನಕ್ಕೆ ಇದಕ್ಕಿಂತ ಒಪ್ಪುವ ಪ್ರಾಣಿ ನಮ್ಮ ನೀರುಗಳಲ್ಲಿ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ.

ಇದರ ಶಾಸ್ತ್ರೀಯ ನಾಮವು ಲಿಸ್ಸೆಮಿಸ್ ಪಂಕ್ಟೇಟ. ಪೂರ್ವಪದವನ್ನು 1931ರಲ್ಲಿ ಮಾಲ್ಕಂ ಸ್ಮಿತ್ ಕೊಟ್ಟನು. ಉತ್ತರಪದವು 1789ರಷ್ಟು ಹಳೆಯದು, ಬೊನಾಟೆರ್ ಎಂಬ ಫ್ರೆಂಚ್ ಪಂಡಿತನದು. ‘ಚುಕ್ಕೆಗಳುಳ್ಳದ್ದು’ ಎಂದು ಅದರ ಅರ್ಥ. ವಿನೋದವೆಂದರೆ, ಹಳದಿ ಚುಕ್ಕೆಗಳು ಎದ್ದು ಕಾಣುವುದು ಗಂಗಾ ಸಿಂಧೂ ಬಯಲುಗಳ ಉಪಪ್ರಭೇದದಲ್ಲಿ. ಮೂಲನಾಮವನ್ನು ಹೊತ್ತಿರುವ ದಕ್ಷಿಣದ ಆಮೆಯ ಬೆನ್ನಾದರೋ ಚುಕ್ಕೆಯಿಲ್ಲದ ಹಸಿರುಗಂದು.

ಕದಗಳು ಶತ್ರುಗಳಿಂದ ರಕ್ಷಣೆಗಾಗಿ ಎಂಬುದು ಸುಲಭವಾಗಿ ಹೊಳೆಯುವ ಸಮಾಧಾನ. ಆದರೆ ಇದರ ಬಂಧುಗಳಾದ ಗಂಗೆಯ ದೊಡ್ಡ ಮೆದುಚಿಪ್ಪಿನ ಆಮೆಗಳಿಗೆ ಇಂಥ ಕದಗಳಿಲ್ಲ. ಅವು ಬತ್ತದ ಹೊಳೆಗಳ ನಿವಾಸಿಗಳು. ಲಿಸ್ಸೆಮಿಸ್ ಕುಲದ ಹೊರಗೆ ಇಂಥ ಕದಗಳಿರುವ ಆಮೆಗಳೆಂದರೆ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ಎರಡು ಕುಲಗಳು ಮಾತ್ರ, ಮಳೆಗಾಲ ಬೇಸಗೆಗಳ ಏರಿಳಿತವನ್ನು ಅವೂ ಬಲ್ಲವು. ಕೊಂಬಿನ ಫಲಕಗಳ ಬದಲಿಗೆ ಬರಿಯ ಚರ್ಮವನ್ನು ಹೊದ್ದು, ನೀರಿನೊಳಗೆ ಆ ಚರ್ಮದಿಂದಲೂ ಅಷ್ಟಿಷ್ಟು ಉಸಿರಾಡಬಲ್ಲ ಈ ದೇಹವು ಒಣನೆಲದಲ್ಲಿ ತೇವವನ್ನು ಬಲುಬೇಗ ಕಳೆದುಕೊಳ್ಳತಕ್ಕದ್ದು. ಆದಕಾರಣ ಕದಗಳನ್ನು ಗುರಾಣಿಯೆಂಬುದಕ್ಕಿಂತ ತಿಂಗಳುಗಟ್ಟಲೆ ಕೆಸರಿನಲ್ಲಿ ಹುದುಗಿರುವಾಗ ತೇವವನ್ನು ಕಾಯುವ ಮುಚ್ಚಳವೆಂದು ಊಹಿಸುವುದೇ ಹೆಚ್ಚು ಯುಕ್ತವೆಂದು ನನ್ನ ಮತ.

ಆಹಾರದಲ್ಲಿ ಇದಕ್ಕೆ ಮಡಿಯಿಲ್ಲ: ಕಪ್ಪೆ, ಮೀನು, ಬಸವನಹುಳು, ಜೊಂಡು, ಕೊಳೆತ ಹೆಣ ಎಲ್ಲವೂ ಸಲ್ಲುತ್ತವೆ. ಸಂತಾನಕ್ರಮದಲ್ಲಿ ಮಾತ್ರ ಕೆರೆಯ ಗತಿಯೇ ಮತ್ತೆ ಕಾಣಿಸುತ್ತದೆ. ದಂಡೆಯ ಮಣ್ಣಿನಲ್ಲಿ ಹೂತಿಟ್ಟ, ಗೋಲಿಗಿಂತ ತುಸು ದೊಡ್ಡದಾದ ಗುಂಡನೆಯ ಮೊಟ್ಟೆಗಳಲ್ಲಿ ಭ್ರೂಣವು ಸ್ವಲ್ಪ ಬೆಳೆದು ನಿಂತುಬಿಡುತ್ತದೆ, ಋತು ಅನುಕೂಲವಾಗುವವರೆಗೂ ಮುಂದುವರಿಯುವುದಿಲ್ಲ. ಕೊನೆಗೆ ಹೊರಬೀಳುವ ಮರಿಗಳ ಎದೆಚಿಪ್ಪಿನಲ್ಲಿ ಆ ಎರಡು ಕದಗಳು ಆಗಲೇ ಇರುತ್ತವೆ.