ಹಲ್ಲಿಗೆ ತಂತಿ ಬಂದ ದಾರಿ

ಆಲೂರು ಸೀಮೆಯ ನಮ್ಮೂರು ಚಿಪ್ಪಗಿರಿಯಲ್ಲಿ ಹರಿದಾಸ ವಿಜಯದಾಸರು ದೇಹ ಬಿಟ್ಟದ್ದು 1755ರಲ್ಲಿ. ಅದಕ್ಕೂ ಮೊದಲೇ, 1728ರಲ್ಲಿ, ಫ್ರಾನ್ಸಿನ ಪಿಯರ್ ಫೋಷಾರ್ ತನ್ನ ದಂತವೈದ್ಯ ಗ್ರಂಥದಲ್ಲಿ ಸೊಟ್ಟ ಹಲ್ಲುಗಳನ್ನು ಲೋಹದ ಪಟ್ಟಿಗೆ ದಾರದಿಂದ ಕಟ್ಟಿ ಸಾಲಿಗೆ ತರುವ ಬಗೆಯನ್ನು ವಿವರಿಸಿದ್ದ. ಆ ವಿದ್ಯೆ ನಮ್ಮ ಸೀಮೆಯ ಮಕ್ಕಳನ್ನು ಮುಟ್ಟಲು ಶತಮಾನಗಳೇ ಹಿಡಿದವು.

1899ರಲ್ಲಿ ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್, ಮೇಲಿನ ಕೆಳಗಿನ ದವಡೆಹಲ್ಲುಗಳು ಕೂಡುವ ರೀತಿ ನೋಡಿ ಹಲ್ಲಿನ ಸೊಟ್ಟತನವನ್ನು ಮೂರು ವರ್ಗ ಮಾಡಿದ. ವೈದ್ಯರು ಇಂದಿಗೂ ಅದನ್ನೇ ಬಳಸುತ್ತಾರೆ. ತಂತಿ ಕೂರಿಸಲು ಬಹುಕಾಲ ಒಂದೊಂದು ಹಲ್ಲಿಗೂ ಉಂಗುರದಂಥ ಪಟ್ಟಿ ತೊಡಿಸಬೇಕಿತ್ತು. 1955ರಲ್ಲಿ ದಂತವೈದ್ಯ ಬ್ಯೂನೊಕೋರ್ ಹಲ್ಲಿನ ಹೊರಪದರವಾದ ಎನಾಮಲ್‌ಗೆ ಆಮ್ಲ ಸವರಿ ಅಂಟು ಹಿಡಿಸುವ ಉಪಾಯ ತೋರಿಸಿದ. ಮುಂದೆ ತಂತಿ ಹಿಡಿಯುವ ಪುಟ್ಟ ಬ್ರ್ಯಾಕೆಟ್‌ಗಳನ್ನು ಹಲ್ಲಿಗೇ ಅಂಟಿಸುವುದು ಸಾಧ್ಯವಾಯಿತು.

ಇತ್ತ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ಅದೇ ವರ್ಷ ಹಲ್ಲಿನ ಸಾಲು ಸರಿಪಡಿಸುವ ವೈದ್ಯರ ಸಂಘವಾದ ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿಯೂ ಹುಟ್ಟಿತು. ಆದರೂ ನಮ್ಮ ಕಾಲದಲ್ಲಿ ಉಬ್ಬುಹಲ್ಲಿನ ಹುಡುಗಿಯರು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದರು.

ನನ್ನ ಮೊಮ್ಮಗಳು ಈಗ ಕ್ಲಿಪ್ ಹಾಕಿಸಿಕೊಂಡಿದ್ದಾಳೆ. ನಿಕಲ್ ಟೈಟಾನಿಯಂ ತಂತಿ ತನ್ನ ಮೂಲ ಬಾಗಿಗೆ ಮರಳಲು ಎಳೆಯುತ್ತದೆ. ಹಲ್ಲಿನ ಬೇರಿನ ಸುತ್ತ ಒತ್ತಡ ಬಿದ್ದ ಕಡೆ ಎಲುಬು ಕರಗಿ, ಎದುರು ಕಡೆ ಹೊಸದು ಬೆಳೆಯುತ್ತದೆ. ಒಣಗಿದ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾಳೆ, ಊಟವಾದ ಮೇಲೆ ಬ್ರ್ಯಾಕೆಟ್ ಸುತ್ತ ಬ್ರಷ್ ಆಡಿಸುತ್ತಾಳೆ. ಒಸಡು, ಎಲುಬು ಗಟ್ಟಿಯಿದ್ದರೆ ನಲವತ್ತು ದಾಟಿದವರ ಹಲ್ಲೂ ಸರಿಯುತ್ತದೆ. ಹಲ್ಲು ಸರಿಪಡಿಸುವುದನ್ನು ಬರೀ ಅಂದದ ಶೋಕಿ ಎನ್ನಬೇಡಿ. ಅಗಿಯಲು, ಉಜ್ಜಿ ಶುಚಿಯಾಗಿಡಲು ಬರುವ ಹಲ್ಲು ಬಡವರ ಮಕ್ಕಳಿಗೂ ಸಲ್ಲಬೇಕಾದ ಆರೋಗ್ಯ. ತಾಲ್ಲೂಕು ಆಸ್ಪತ್ರೆಗಳಲ್ಲೇ ಈ ಚಿಕಿತ್ಸೆ ಸಿಗಬೇಕು.