ಚಿನ್ನದ ಗಣಿ ಮತ್ತು ನೆಲದಡಿಯ ನೀರು

ವೈಟ್‌ಫೀಲ್ಡಿನ ಕಂಪನಿಗಳಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮಾರಿಕುಪ್ಪಂ ರೈಲು ಅಪರಿಚಿತವಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಬಳಿಕ ಆ ಊರಿನ ಮಕ್ಕಳು ಬೆಂಗಳೂರಿನಲ್ಲಿ ಅನ್ನ ಹುಡುಕಿದ್ದು ಈ ರೈಲನ್ನೇರಿ. ಅವರು ಬಿಟ್ಟುಬರುವ ನೆಲದ ಕಥೆಯನ್ನು ಇಲ್ಲಿ ಬರೆಯಬೇಕೆನಿಸಿತು.

ಝರಿಯಾ, ರಾಣಿಗಂಜ್‌ಗಳ ಕಲ್ಲಿದ್ದಲ ಗಣಿಗಳಲ್ಲಿ ಭೂಮಿ ಕುಸಿಯುವುದನ್ನು ನೀವು ಓದಿರುತ್ತೀರಿ. ಅಗಲವಾದ ಪದರವನ್ನು ತೆಗೆದಾಗ ಮೇಲ್ಛಾವಣಿ ಬೀಳುತ್ತದೆ, ಬಿರುಕು ಮೇಲಕ್ಕೇರುತ್ತದೆ. ಬಾವಿಯ ನೀರು ಆ ಬಿರುಕಿನಲ್ಲಿ ಪಾತಾಳ ಸೇರುತ್ತದೆ. ಬೇರಿನ ಸುತ್ತ ತೇವವಿಲ್ಲದೆ ಮರ ಒಣಗುತ್ತದೆ. ಕೋಲಾರದಲ್ಲಿ ಹಾಗಾಗಲಿಲ್ಲ. ಅಲ್ಲಿಯ ಅದಿರು ಕಡಿದಾಗಿ ಇಳಿಯುವ ಕಿರಿದಾದ ಪಟ್ಟಿ, ಸುತ್ತಲಿನದು ಗಟ್ಟಿ ಶಿಲೆ. ನೆಲ ಕುಸಿಯುವ ಬದಲು ಒತ್ತಡ ತಾಳದ ಶಿಲೆ ಒಳಗೇ ಸಿಡಿಯುತ್ತಿತ್ತು. ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಚಾಂಪಿಯನ್ ರೀಫ್ ಗಣಿಯ ಶಿಲಾಸ್ಫೋಟಗಳಿಗೆ ಮೇಲಿನ ಮನೆಗಳೂ ನಡುಗುತ್ತಿದ್ದವು.

ನೆಲಕ್ಕೆ ಬಿದ್ದ ಪೆಟ್ಟು ಬೇರೆ ಬಗೆಯದು. ಸುಮಾರು 800 ಟನ್ ಚಿನ್ನಕ್ಕಾಗಿ ಅರೆದ ಕಲ್ಲಿನ ಪುಡಿಯೇ ಮೂರು ಕೋಟಿ ಟನ್ನಿಗೂ ಹೆಚ್ಚು. ಜನ ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಸೈನೈಡು ಬಿಸಿಲಿಗೆ ಬಹುಮಟ್ಟಿಗೆ ನಾಶವಾಗುವಂಥದು. ಹೆಸರಿನಲ್ಲಿಲ್ಲದ ಗಂಧಕ, ಆರ್ಸೆನಿಕ್‌ಗಳದೇ ನಿಜವಾದ ಚಿಂತೆ. ಸಾರವಿಲ್ಲದ ಆ ಪುಡಿಯಲ್ಲಿ ಹುಲ್ಲು ಬೇರೂರುವುದೇ ಕಷ್ಟ. ಬೇಸಿಗೆಯ ಗಾಳಿಗೆ ಧೂಳು ಮನೆಮನೆಗೂ ನುಗ್ಗುತ್ತದೆ, ಮಳೆ ಬಂದರೆ ತಗ್ಗಿನ ಕೆರೆಗಿಳಿಯುತ್ತದೆ. ಪಂಪುಗಳು ನಿಂತ ಮೇಲೆ ಗಣಿಬಾವಿಗಳಲ್ಲೂ ನೀರು ತುಂಬಿಕೊಂಡಿತು. ಬರದ ಜಿಲ್ಲೆಯ ಹೊಟ್ಟೆಯಲ್ಲಿ ಅಷ್ಟು ನೀರಿದ್ದೂ ಜನರಿಗೆ ದಕ್ಕದು!

ಗಣಿಯೂರಿಗೆ ನೀರುಣಿಸಿದ್ದು ಪಾಲಾರಿನ ಬೇತಮಂಗಲ ಕೆರೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. ದೂರದ ಕಾವೇರಿಯೂ ಹತ್ತಿರದ ಪಾಲಾರೂ ಚಿನ್ನಕ್ಕಾಗಿ ದುಡಿದವು. ಹಳ್ಳಿಯ ರೈತ ಮಾತ್ರ ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಬೇಕಾಯಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ. ಅಂತರ್ಜಲ ಏರಿತೆಂಬುದು ನಿಜ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಹೋರಾಟಗಾರರ ಬೇಡಿಕೆಯೂ ನ್ಯಾಯವಾದದ್ದೇ.

2024ರಲ್ಲಿ ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಉದ್ಯೋಗ ಬರಲಿ, ಬೇಡವೆನ್ನುವವರಾರು? ಆದರೆ ಸಲಿಕೆ ಹಾಕುವ ಮೊದಲು ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದು ನಗರಸಭೆ, ಪಂಚಾಯಿತಿಗಳ ಗೋಡೆಗೆ ಅಂಟಿಸಲಿ.